ಹಳೆ ಡಿಜಿಟಲ್ ಕ್ಯಾಮೆರಾದಲ್ಲಿರುವ ಫೋಟೋಗಳನ್ನು ಹೊಸ ಕಂಪ್ಯೂಟರಿಗೆ ಇಳಿಸಿಕೊಳ್ಳುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಹದಿನೈದು ಇಪ್ಪತ್ತು ವರ್ಷ ಹಳೆಯ ಕ್ಯಾಮೆರಾ ಕೈಗೆ ಸಿಕ್ಕರೆ ಹೆಚ್ಚಿನವರು ಮೊದಲು ಅದರ ಕೇಬಲ್ ಹುಡುಕುತ್ತಾರೆ, ಆಮೇಲೆ ಅದರ ಜೊತೆ ಬಂದಿದ್ದ ಸಿಡಿ ಹುಡುಕುತ್ತಾರೆ. ಸಿಡಿ ಸಿಕ್ಕರೂ ಪ್ರಯೋಜನವಿಲ್ಲ. ಆ ಕಾಲದ ಡ್ರೈವರುಗಳು ಈಗಿನ 64 ಬಿಟ್ ವಿಂಡೋಸ್‌ನಲ್ಲಿ ಇನ್‌ಸ್ಟಾಲ್ ಆಗುವುದೇ ಅಪರೂಪ; ಮ್ಯಾಕ್ ಅಂತೂ 2019ರ ಕ್ಯಾಟಲಿನಾದಿಂದಲೇ 32 ಬಿಟ್ ತಂತ್ರಾಂಶಗಳಿಗೆ ಬಾಗಿಲು ಹಾಕಿದೆ. ಅದೇ ಡ್ರೈವರನ್ನು ಇಂಟರ್ನೆಟ್ಟಿನಲ್ಲಿ ಹುಡುಕಲು ಹೋದರೆ ಫೋಟೋ ಬದಲು ವೈರಸ್ ಇಳಿಸಿಕೊಳ್ಳುವ ಸಾಧ್ಯತೆಯೇ ಹೆಚ್ಚು.

ನನ್ನ ಸಲಹೆ ಬೇರೆ. ಕ್ಯಾಮೆರಾವನ್ನು ಸದ್ಯಕ್ಕೆ ಮರೆತುಬಿಡಿ. ನಿಮ್ಮ ಫೋಟೋಗಳು ಇರುವುದು ಒಳಗಿನ ಕಾರ್ಡಿನಲ್ಲಿ. ಬ್ಯಾಟರಿ ಸತ್ತಿರಲಿ, ಪರದೆ ಒಡೆದಿರಲಿ, ಲೆನ್ಸ್ ಅರ್ಧಕ್ಕೆ ಸಿಕ್ಕಿಕೊಂಡಿರಲಿ, ಕಾರ್ಡ್ ಚೆನ್ನಾಗಿದ್ದರೆ ಫೋಟೋ ಬರುತ್ತದೆ. ಇನ್ನೊಂದು ಮಾತು: ಎರಡು ಪ್ರತಿ ಸಿದ್ಧವಾಗುವವರೆಗೆ ಆ ಕಾರ್ಡಿನ ಮೇಲೆ ಏನನ್ನೂ ಬರೆಯಬಾರದು, ಏನನ್ನೂ ಅಳಿಸಬಾರದು. ಕೆಳಗೆ ಹೇಳುವುದೆಲ್ಲ ಈ ಎರಡು ಮಾತುಗಳ ವಿವರಣೆ.

ಕಾರ್ಡ್ ತೆಗೆಯುವ ಮುನ್ನ

ಬ್ಯಾಟರಿ ಕೋಣೆಯ ಮುಚ್ಚಳ ನಿಧಾನಕ್ಕೆ ತೆರೆಯಿರಿ. ಬಹಳಷ್ಟು ಕ್ಯಾಮೆರಾಗಳಲ್ಲಿ ಕಾರ್ಡಿನ ಸಂದಿ ಅದರ ಪಕ್ಕದಲ್ಲೇ ಇರುತ್ತದೆ. ಸಾಮಾನ್ಯ ಆಲ್ಕಲೈನ್ ಸೆಲ್ ಹಾಕಿ ಮರೆತಿದ್ದ ಕ್ಯಾಮೆರಾ ಆದರೆ ಅಲ್ಲಿ ಬಿಳಿ ಪುಡಿ ಗಟ್ಟಿಯಾಗಿ ಕೂತಿರಬಹುದು. ಅದು ಸೆಲ್ಲಿನಿಂದ ಸೋರಿದ ಕ್ಷಾರ, ಬರಿಗೈಯಲ್ಲಿ ಮುಟ್ಟಬೇಡಿ. ಕೈಗವಸು ಹಾಕಿಕೊಂಡು, ಹತ್ತಿ ಸುತ್ತಿದ ಕಡ್ಡಿಯನ್ನು ವಿನೆಗರಿನಲ್ಲೋ ನಿಂಬೆರಸದಲ್ಲೋ ತುಸುವೇ ಅದ್ದಿ ಲೋಹದ ಪಟ್ಟಿಗಳನ್ನು ಒರೆಸಿ, ಪೂರ್ತಿ ಒಣಗಲು ಬಿಡಿ. ಲಿಥಿಯಂ ಬ್ಯಾಟರಿ ಉಬ್ಬಿದ್ದರೆ ಅದನ್ನು ಚಾರ್ಜ್ ಮಾಡುವ ಯೋಚನೆಯೇ ಬೇಡ. ಬಲವಂತವಾಗಿ ಕೀಳಲೂ ಹೋಗಬೇಡಿ.

ಕಾರ್ಡನ್ನು ಹೊರಗೆಳೆಯುವುದಕ್ಕಿಂತ ಒಳಕ್ಕೆ ಒತ್ತುವುದೇ ಸರಿಯಾದ ಕ್ರಮ. ಹೆಚ್ಚಿನ ಚಿಕ್ಕ ಕಾರ್ಡುಗಳು ಸ್ವಲ್ಪ ಒತ್ತಿ ಬಿಟ್ಟರೆ ತಾವಾಗಿಯೇ ಹೊರಗೆ ಚಿಮ್ಮುತ್ತವೆ. ದಪ್ಪನೆಯ ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡಿಗೆ ಮಾತ್ರ ಪಕ್ಕದಲ್ಲೊಂದು ಪುಟ್ಟ ಗುಂಡಿ ಇರುತ್ತದೆ.

ಕೈಗೆ ಬಂದದ್ದು ಯಾವ ಕಾರ್ಡ್?

ಎಲ್ಲರೂ ಎಡವುವುದು ಇಲ್ಲೇ. ಇಂದು ಎಸ್‌ಡಿ ಕಾರ್ಡೇ ಎಲ್ಲೆಲ್ಲೂ ಇದೆ. ಆದರೆ 2000ದ ಆಸುಪಾಸಿನಲ್ಲಿ ಒಂದೊಂದು ಕಂಪನಿಯದೂ ಒಂದೊಂದು ದಾರಿಯಾಗಿತ್ತು.

ಅಂಚೆ ಚೀಟಿಯಷ್ಟು ಅಗಲ, ಒಂದು ಮೂಲೆ ಕತ್ತರಿಸಿದಂತಿರುವ, ಹಿಂದೆ ಒಂಬತ್ತು ಚಿನ್ನದ ಬಣ್ಣದ ಪಟ್ಟಿಗಳಿರುವ ಕಾರ್ಡ್ ಎಸ್‌ಡಿ. 1999ರಲ್ಲಿ ಬಂದದ್ದು. ನಿಮಗೆ ಇದು ಸಿಕ್ಕಿದ್ದರೆ ಅದೃಷ್ಟ, ಯಾವ ಹೊಸ ರೀಡರೂ (ಕಾರ್ಡನ್ನು ಕಂಪ್ಯೂಟರಿಗೆ ಜೋಡಿಸುವ ಪುಟ್ಟ ಸಾಧನ) ಇದನ್ನು ಓದುತ್ತದೆ. ಇದೇ ಆಕಾರದಲ್ಲಿ, ಇನ್ನೂ ತೆಳ್ಳಗೆ, ಏಳೇ ಪಟ್ಟಿಗಳಿರುವುದು ಎಂಎಂಸಿ. ಸಾಮಾನ್ಯವಾಗಿ ಎಸ್‌ಡಿ ಸಂದಿಯಲ್ಲೇ ಕೂರುತ್ತದೆ. ನೆನಪಿಡಬೇಕಾದ ಒಂದು ತಿರುವು ಇದೆ: ಹಳೆ ಕಾರ್ಡನ್ನು ಹೊಸ ರೀಡರ್ ಓದುತ್ತದೆ, ಹೊಸ ಕಾರ್ಡನ್ನು ಹಳೆ ರೀಡರ್ ಓದುವುದಿಲ್ಲ. ಮೊದಲ ತಲೆಮಾರಿನ ಎಸ್‌ಡಿ 2 ಜಿಬಿಗೆ ನಿಲ್ಲುತ್ತದೆ. ಅದರಾಚೆ 32 ಜಿಬಿವರೆಗಿನದು ಎಸ್‌ಡಿಎಚ್‌ಸಿ. ಹಾಗಾಗಿ 8 ಜಿಬಿ ಕಾರ್ಡನ್ನು 2004ರ ರೀಡರಿಗೆ ಹಾಕಿ "ಕಾರ್ಡ್ ಹಾಳಾಗಿದೆ" ಎಂಬ ತೀರ್ಮಾನಕ್ಕೆ ಬರಬೇಡಿ.

ಬೆಂಕಿಪೊಟ್ಟಣದಷ್ಟು ಅಗಲ, 3.3 ಮಿಲಿಮೀಟರ್ ದಪ್ಪ, ಒಂದು ಅಂಚಿನಲ್ಲಿ ಎರಡು ಸಾಲು ಸಣ್ಣ ತೂತುಗಳಿದ್ದರೆ ಅದು ಕಾಂಪ್ಯಾಕ್ಟ್ ಫ್ಲ್ಯಾಶ್. ಅದಕ್ಕಿಂತ ಇನ್ನೂ ದಪ್ಪವಾಗಿ, 5 ಮಿಲಿಮೀಟರ್ ಇದ್ದರೆ ಒಳಗೆ ತಿರುಗುವ ಪುಟ್ಟ ಹಾರ್ಡ್ ಡಿಸ್ಕೇ ಇರುವ ಮೈಕ್ರೋಡ್ರೈವ್ ಇರಬಹುದು. ಅದನ್ನು ಬೀಳಿಸದಂತೆ ಜೋಪಾನ. ಈ ಜಾತಿಯ ಕಾರ್ಡಿಗೆ ರೀಡರಿನಲ್ಲಿ 50 ಪಿನ್‌ಗಳಿರುತ್ತವೆ, ಒಂದೊಂದೂ ಸೂಜಿಯಷ್ಟು ತೆಳು. ಕಾರ್ಡನ್ನು ಓರೆಯಾಗಿ ತುರುಕಿದರೆ ಒಂದು ಪಿನ್ ಬಾಗುತ್ತದೆ, ಅಲ್ಲಿಗೆ ರೀಡರಿನ ಕಥೆ ಮುಗಿಯಿತು. ಅಂಚುಗಳ ಕಾಲುವೆ ಸರಿಯಾಗಿ ಹೊಂದಿಕೊಂಡಿದೆ ಎಂದು ನೋಡಿ, ಸಮನಾಗಿ ಒತ್ತಿ. ಕೊನೆಯ ಎರಡು ಮೂರು ಮಿಲಿಮೀಟರಿನಲ್ಲಿ ಸ್ವಲ್ಪ ಬಿಗಿ ಅನಿಸುವುದು ಸಹಜ. ಅದಕ್ಕೂ ಮೊದಲೇ ಬಿಗಿಯಾದರೆ ತೆಗೆದು ತಿರುಗಿಸಿ ನೋಡಿ.

ಸೋನಿ ಕ್ಯಾಮೆರಾ ಆದರೆ ಚ್ಯೂಯಿಂಗ್ ಗಮ್ ಪಟ್ಟಿಯಂತೆ ಉದ್ದನೆಯ ಮೆಮೊರಿ ಸ್ಟಿಕ್, ಅಥವಾ ಅದರ ಮೋಟು ರೂಪವಾದ ಡ್ಯುಯೋ. ಹಳೆ ಒಲಿಂಪಸ್, ಫ್ಯೂಜಿ ಕ್ಯಾಮೆರಾಗಳಲ್ಲಿ ಎರಡು ಬಗೆ ಸಿಗುತ್ತವೆ. ಒಂದು ಸ್ಮಾರ್ಟ್‌ಮೀಡಿಯಾ: ಒಂದು ಮಿಲಿಮೀಟರಿಗಿಂತಲೂ ತೆಳ್ಳನೆಯ ಹಾಳೆಯಂಥದು, ಒಂದು ಮಗ್ಗುಲಿಗೆ ದೊಡ್ಡ ಚಿನ್ನದ ಬಣ್ಣದ ತಗಡು, ಗರಿಷ್ಠ 128 ಎಂಬಿ. ಇನ್ನೊಂದು 2002ರಲ್ಲಿ ಈ ಎರಡು ಕಂಪನಿಗಳು ಸೇರಿ ತಂದ ಎಕ್ಸ್‌ಡಿ: ಎಸ್‌ಡಿಗಿಂತ ಚಿಕ್ಕದು, ಗರಿಷ್ಠ 2 ಜಿಬಿ. ಇವೆರಡೂ ಇಂದು ನಿಜವಾದ ತಲೆನೋವು. ಎಸ್‌ಡಿ, ಕಾಂಪ್ಯಾಕ್ಟ್ ಫ್ಲ್ಯಾಶ್‌ಗಳ ಒಳಗೆ ಮೆಮೊರಿಯನ್ನು ನೋಡಿಕೊಳ್ಳುವ ನಿಯಂತ್ರಕ ಚಿಪ್ ಇರುತ್ತದೆ. ಸ್ಮಾರ್ಟ್‌ಮೀಡಿಯಾ, ಎಕ್ಸ್‌ಡಿಗಳಲ್ಲಿ ಅದಿಲ್ಲ, ಆ ಕೆಲಸ ರೀಡರಿನ ತಲೆಗೆ ಬೀಳುತ್ತದೆ. ಹೀಗಾಗಿ ಬರೀ ಆಕಾರ ಬದಲಿಸುವ ಅಡಾಪ್ಟರ್ ಸಾಲದು, ಆ ಕಾರ್ಡಿನ ಹೆಸರನ್ನೇ ಮೈಮೇಲೆ ಬರೆದುಕೊಂಡಿರುವ ರೀಡರೇ ಬೇಕು. ಸೆಕೆಂಡ್ ಹ್ಯಾಂಡ್ ಆದರೂ ಸರಿ.

ಇನ್ನೂ ಹಿಂದಕ್ಕೆ ಹೋದರೆ ಸೋನಿಯ ಮ್ಯಾವಿಕಾ ಇದೆ. 1997ರ ಮಾದರಿಗಳು ಫೋಟೋಗಳನ್ನು 3.5 ಇಂಚಿನ ಫ್ಲಾಪಿಯಲ್ಲೇ ಉಳಿಸುತ್ತಿದ್ದವು. ಯುಎಸ್‌ಬಿ ಫ್ಲಾಪಿ ಡ್ರೈವ್ ಒಂದಿದ್ದರೆ ಅವು ಈಗಲೂ ತೆರೆಯುತ್ತವೆ. ಆಮೇಲೆ ಬಂದ ಮ್ಯಾವಿಕಾಗಳ 8 ಸೆಂಟಿಮೀಟರಿನ ಪುಟ್ಟ ಸಿಡಿಯನ್ನು ತಟ್ಟೆ ಹೊರಬರುವ ಡ್ರೈವಿಗೆ ಮಾತ್ರ ಹಾಕಿ; ಬಾಯಿಂದ ನುಂಗುವ ಬಗೆಯ ಡ್ರೈವಿಗೆ ಹಾಕಿದರೆ ಅದು ಅಲ್ಲೇ ಉಳಿದುಬಿಡುತ್ತದೆ.

ಬೀಗ ಹಾಕಿ, ಆಮೇಲೆ ಜೋಡಿಸಿ

ಎಸ್‌ಡಿ ಕಾರ್ಡಿನ ಎಡ ಅಂಚಿನಲ್ಲಿ ಉಗುರಿನಿಂದ ಸರಿಸುವ ಪುಟ್ಟ ಗುಬುಟು ಇರುತ್ತದೆ. ಅದನ್ನು ಲಾಕ್ ಕಡೆಗೆ ಸರಿಸಿಬಿಡಿ. ಇದು ಅತಿ ಎಚ್ಚರಿಕೆ ಎನಿಸಬಹುದು; ಆದರೆ ಹೊಸ ಕಂಪ್ಯೂಟರುಗಳು ಕಾರ್ಡ್ ಸಿಕ್ಕ ಕೂಡಲೇ ನಿಮ್ಮನ್ನು ಕೇಳದೆ ಅದರಲ್ಲಿ ತಮ್ಮ ಅಡಗಿದ ಫೋಲ್ಡರುಗಳನ್ನು ಬರೆದಿಡುತ್ತವೆ. ವಿಂಡೋಸೂ ಬರೆಯುತ್ತದೆ, ಮ್ಯಾಕೂ ಬರೆಯುತ್ತದೆ. ಇರುವ ಫೋಟೋಗಳಿಗೆ ಇದರಿಂದ ತೊಂದರೆಯಿಲ್ಲ. ಆದರೆ ಹಿಂದೆಂದೋ ಅಳಿಸಿಹೋದ ಫೋಟೋವನ್ನು ಮರಳಿ ತೆಗೆಯುವ ಆಸೆಯಿದ್ದರೆ, ಆ ಬರವಣಿಗೆ ಬೀಳುವ ಜಾಗ ಅದೇ ಫೋಟೋದ್ದಾಗಿರಬಹುದು. ಆ ಗುಬುಟು ಬರೀ ಪ್ಲಾಸ್ಟಿಕ್. ಅದರ ಮಾತು ಕೇಳುವುದು ಬಿಡುವುದು ರೀಡರಿಗೆ ಬಿಟ್ಟದ್ದು. ಹೆಚ್ಚಿನವು ಕೇಳುತ್ತವೆ.

ರೀಡರನ್ನು ಹಬ್ ಮೂಲಕ ಹಾಕದೆ ನೇರವಾಗಿ ಕಂಪ್ಯೂಟರಿಗೇ ಚುಚ್ಚಿ. ಹೊಸ ಲ್ಯಾಪ್‌ಟಾಪಿನಲ್ಲಿ ಟೈಪ್ ಸಿ ಮಾತ್ರ ಇದ್ದರೆ ಟೈಪ್ ಸಿ ರೀಡರ್ ಅಥವಾ ಒಂದು ಸಣ್ಣ ಕನ್ವರ್ಟರ್ ಸಾಕು.

ಕಾಪಿ ಮಾಡುವ ಕ್ರಮ

ಕಾರ್ಡ್ ಹಾಕುತ್ತಿದ್ದಂತೆ ಫೋಟೋ ಆ್ಯಪ್ ಒಂದು ಎದ್ದು ಬಂದು "ಇಂಪೋರ್ಟ್ ಮಾಡಲೇ?" ಎನ್ನುತ್ತದೆ. ಅದನ್ನು ಮುಚ್ಚಿ. ಆ್ಯಪ್‌ಗಳು ಫೋಟೋಗಳನ್ನು ತಾರೀಖಿನ ಪ್ರಕಾರ ಚದುರಿಸುತ್ತವೆ, ತಮಗೆ ಅರ್ಥವಾಗದ ಫೈಲುಗಳನ್ನು ಬಿಟ್ಟುಬಿಡುವುದೂ ಉಂಟು. ಕೆಲವು ಕಡೆ "ಇಂಪೋರ್ಟ್ ಆದ ಮೇಲೆ ಅಳಿಸು" ಎಂಬ ಆಯ್ಕೆಯೂ ಇರುತ್ತದೆ. ಹಳೆ ಕಾರ್ಡಿಗೆ ಕೈಯಾರೆ ಮಾಡುವ ಕಾಪಿಯೇ ಲೇಸು.

1. ಕಂಪ್ಯೂಟರಿನಲ್ಲಿ ಒಂದು ಹೊಸ ಫೋಲ್ಡರ್ ಮಾಡಿ. ಹೆಸರಿನಲ್ಲಿ ಕ್ಯಾಮೆರಾ ಮತ್ತು ಕಾರ್ಡಿನ ಗುರುತಿರಲಿ: "ಹಳೆ ಕ್ಯಾನನ್, ಕಾರ್ಡ್ 1" ಎಂದಿದ್ದರೂ ಸಾಕು.
2. ವಿಂಡೋಸ್ ಆದರೆ ಫೈಲ್ ಎಕ್ಸ್‌ಪ್ಲೋರರ್, ಮ್ಯಾಕ್ ಆದರೆ ಫೈಂಡರ್ ತೆರೆದು ಕಾರ್ಡಿನ ಡ್ರೈವಿಗೆ ಹೋಗಿ. ಅಲ್ಲಿ ಡಿಸಿಐಎಂ ಎಂಬ ಫೋಲ್ಡರ್ ಕಾಣುತ್ತದೆ. ಕಂಪನಿ ಯಾವುದೇ ಇರಲಿ, ಹೆಸರು ಇದೇ.
3. ಡಿಸಿಐಎಂ ಒಂದನ್ನೇ ಎತ್ತಿಕೊಳ್ಳದೆ, ಕಾರ್ಡಿನಲ್ಲಿ ಕಾಣುವ ಎಲ್ಲವನ್ನೂ ಆರಿಸಿ ಕಾಪಿ ಮಾಡಿ, ನಿಮ್ಮ ಹೊಸ ಫೋಲ್ಡರಿನಲ್ಲಿ ಪೇಸ್ಟ್ ಮಾಡಿ. ಕಟ್ ಮಾಡಬೇಡಿ. ಮಧ್ಯದಲ್ಲಿ ಕರೆಂಟು ಹೋದರೋ ಕಾರ್ಡ್ ಅಲುಗಿದರೋ ಕಾಪಿಯಾದರೆ ಮತ್ತೆ ಶುರು ಮಾಡಬಹುದು.
4. ಮುಗಿದ ಮೇಲೆ ಎರಡೂ ಕಡೆಯ ಡಿಸಿಐಎಂ ಮೇಲೆ ರೈಟ್ ಕ್ಲಿಕ್ ಮಾಡಿ ವಿವರ ತೆಗೆದು, ಫೈಲುಗಳ ಸಂಖ್ಯೆ ಮತ್ತು ಗಾತ್ರ ತಾಳೆ ನೋಡಿ.
5. ಕಾರ್ಡನ್ನು ಇಜೆಕ್ಟ್ ಮಾಡಿಯೇ ಕೀಳಿ.

ತಾಳೆ ನೋಡುವಾಗ ವಿಂಡೋಸ್ ಎರಡು ಗಾತ್ರ ತೋರಿಸುತ್ತದೆ: "ಸೈಜ್" ಮತ್ತು "ಸೈಜ್ ಆನ್ ಡಿಸ್ಕ್". ಎರಡನೆಯದು ಹೊಂದದಿದ್ದರೆ ಗಾಬರಿ ಬೇಡ. ಕಾರ್ಡೂ ಹಾರ್ಡ್ ಡಿಸ್ಕೂ ಜಾಗವನ್ನು ಬೇರೆ ಬೇರೆ ಅಳತೆಯ ತುಂಡುಗಳಾಗಿ ಹಂಚುವುದರಿಂದ ಅದು ಹೊಂದುವುದೇ ಇಲ್ಲ. ಮೊದಲನೆಯದು ಬೈಟ್ ಬೈಟಿಗೂ ಒಂದೇ ಆಗಿರಬೇಕು. ಆಮೇಲೂ ಒಂದಷ್ಟು ಫೋಟೋಗಳನ್ನು ಪೂರ್ತಿ ಗಾತ್ರದಲ್ಲಿ ತೆರೆದು ನೋಡಿ. ಪುಟ್ಟ ಚಿತ್ರ ಚೆನ್ನಾಗಿ ಕಂಡು, ತೆರೆದಾಗ ಕೆಳಗಿನ ಅರ್ಧ ಬೂದು ಬಣ್ಣ ಬಂದರೆ ಆ ಫೈಲ್ ಕೆಟ್ಟಿದೆ ಎಂದರ್ಥ. ಪುಟ್ಟ ಚಿತ್ರ ಫೈಲಿನ ತಲೆಭಾಗದಲ್ಲಿ ಪ್ರತ್ಯೇಕವಾಗಿ ಇರುವುದರಿಂದ ಅದನ್ನು ನಂಬಿ ಕೂರುವಂತಿಲ್ಲ. ಬೇರೊಂದು ರೀಡರಿನಲ್ಲಿ ಅದೇ ಫೈಲನ್ನು ಇನ್ನೊಮ್ಮೆ ಕಾಪಿ ಮಾಡಿ ನೋಡಿ, ಕೆಲವೊಮ್ಮೆ ಸರಿಯಾಗಿ ಬರುತ್ತದೆ.

ಎರಡನೇ ಕಾರ್ಡಿಗೆ ಎರಡನೇ ಫೋಲ್ಡರ್. ಇದನ್ನು ಒತ್ತಿ ಹೇಳುತ್ತೇನೆ. ಕ್ಯಾಮೆರಾಗಳು ಫೋಟೋಗೆ ಕೊಡುವ ಸಂಖ್ಯೆ ನಾಲ್ಕೇ ಅಂಕಿ. 9999 ಆದ ಮೇಲೆ ಮತ್ತೆ 0001. ಕೆಲವು ಕ್ಯಾಮೆರಾಗಳು ಕಾರ್ಡ್ ಬದಲಾದಾಗಲೆಲ್ಲ ಒಂದರಿಂದ ಎಣಿಸುತ್ತವೆ. ಎರಡು ಕಾರ್ಡಿನದನ್ನು ಒಂದೇ ಫೋಲ್ಡರಿಗೆ ಸುರಿದರೆ "ಇದೇ ಹೆಸರಿನ ಫೈಲ್ ಇದೆ, ಬದಲಿಸಲೇ, ಬಿಡಲೇ?" ಎಂಬ ಪ್ರಶ್ನೆ ಬರುತ್ತದೆ. ಯಾವುದನ್ನು ಒತ್ತಿದರೂ ಒಂದು ಫೋಟೋ ಹೋಯಿತು. ಕ್ಯಾನ್ಸಲ್ ಮಾಡಿ, ಬೇರೆ ಫೋಲ್ಡರ್ ಮಾಡಿ.

"ಫಾರ್ಮ್ಯಾಟ್ ಮಾಡಬೇಕು" ಎಂದು ಕೇಳಿದರೆ

ಬೇಡ ಎನ್ನಿ. ವಿಂಡೋಸ್ "ಬಳಸುವ ಮೊದಲು ಫಾರ್ಮ್ಯಾಟ್ ಮಾಡಿ" ಎನ್ನುತ್ತದೆ, ಮ್ಯಾಕ್ "ಇನಿಷಿಯಲೈಜ್" ಎಂಬ ಗುಂಡಿ ತೋರಿಸುತ್ತದೆ. ಎರಡರ ಒಳಅರ್ಥ ಒಂದೇ: ಕಾರ್ಡಿನ ಸೂಚಿ, ಅಂದರೆ ಯಾವ ಫೈಲ್ ಎಲ್ಲಿದೆ ಎಂಬ ಪಟ್ಟಿ, ಓದಲಾಗುತ್ತಿಲ್ಲ. ಫೋಟೋಗಳು ಹಾಗೇ ಇದ್ದು ಸೂಚಿ ಮಾತ್ರ ಕೆಟ್ಟಿರಬಹುದು, ಅಥವಾ ಕಾರ್ಡಿನ ಪಟ್ಟಿಗಳ ಮೇಲೆ ಕೊಳೆ ಕೂತಿರಬಹುದು. ಮೊದಲು ಒಣ ಬಟ್ಟೆಯಿಂದ ಪಟ್ಟಿಗಳನ್ನು ಒರೆಸಿ, ಬೇರೆ ರೀಡರ್, ಬೇರೆ ಪೋರ್ಟ್, ಬೇರೆ ಕಂಪ್ಯೂಟರ್ ಹೀಗೆ ಒಂದೊಂದಾಗಿ ಬದಲಿಸಿ ನೋಡಿ. ಡಿಸ್ಕ್ ರಿಪೇರಿ ಮಾಡುವ ಸೌಲಭ್ಯವನ್ನು ಈಗಲೇ ಓಡಿಸಬೇಡಿ. ಅದು ಸೂಚಿಯನ್ನು ಸರಿಪಡಿಸುವ ಭರದಲ್ಲಿ ಫೋಟೋಗಳ ಗುರುತನ್ನೇ ಅಳಿಸಿಬಿಡಬಹುದು.

ಯಾವುದಕ್ಕೂ ಬಗ್ಗದಿದ್ದರೆ ಫೋಟೋರೆಕ್ ಎಂಬ ಉಚಿತ ತಂತ್ರಾಂಶವಿದೆ. ನೋಡಲು ಒರಟು, ಕೆಲಸದಲ್ಲಿ ಗಟ್ಟಿ. ಇದು ಸೂಚಿಯ ಗೊಡವೆಗೇ ಹೋಗದೆ ಕಾರ್ಡನ್ನು ಉದ್ದಕ್ಕೂ ಓದುತ್ತಾ ಫೋಟೋ ಶುರುವಾಗುವ ಗುರುತುಗಳನ್ನು ಹುಡುಕಿ ಹೊರತೆಗೆಯುತ್ತದೆ. ಅಳಿಸಿಹೋದ ಫೋಟೋಗಳಿಗೂ ಇದೇ ಮದ್ದು. ಸಿಕ್ಕಿದ್ದನ್ನು ಕಂಪ್ಯೂಟರಿನ ಡಿಸ್ಕಿಗೇ ಉಳಿಸಬೇಕು, ಅದೇ ಕಾರ್ಡಿಗೆ ಎಂದೂ ಅಲ್ಲ. ಹಳೆ ಫೈಲ್ ಹೆಸರುಗಳು ಬರುವುದಿಲ್ಲ. ಆದರೆ ತೆಗೆದ ದಿನ, ಸಮಯ ಫೋಟೋದ ಒಳಗೇ ಇರುವುದರಿಂದ ಮತ್ತೆ ಸಾಲಾಗಿ ಜೋಡಿಸಿಕೊಳ್ಳಬಹುದು. ಯಾವ ಕಂಪ್ಯೂಟರೂ ಕಾರ್ಡನ್ನು ಗುರುತಿಸುತ್ತಲೇ ಇಲ್ಲ ಎಂದಾದರೆ ತಂತ್ರಾಂಶದಿಂದ ಉಪಯೋಗವಿಲ್ಲ, ಡೇಟಾ ರಿಕವರಿ ಮಾಡುವವರ ಕೈಗೆ ಕೊಡಬೇಕು.

ರೀಡರ್ ಸಿಗದೇ ಹೋದರೆ: ಕೇಬಲ್ ದಾರಿ

ಇಲ್ಲಿ ಕ್ಯಾಮೆರಾ ಬದುಕಿರಲೇಬೇಕು. ಡಬಲ್ ಎ ಸೆಲ್ ಹಾಕುವ ಕ್ಯಾಮೆರಾಗಳು ಸಾಮಾನ್ಯ ಸೆಲ್ಲುಗಳನ್ನು ನಿಮಿಷಗಳಲ್ಲಿ ಕುಡಿದು ಮುಗಿಸುತ್ತವೆ. ಚಾರ್ಜ್ ಮಾಡುವಂಥ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ಲುಗಳು 1.2 ವೋಲ್ಟಿನವೇ ಆದರೂ ಇಂಥ ಭಾರ ತಡೆಯುವುದರಲ್ಲಿ ಮೇಲು, ಅವನ್ನೇ ಹಾಕಿ.

ಕೇಬಲ್ ತುದಿ ಹೆಚ್ಚಾಗಿ ಐದು ಪಿನ್ನಿನ ಮಿನಿ ಯುಎಸ್‌ಬಿ. ಆದರೆ ನೋಡಲು ಹಾಗೇ ಇದ್ದು ಚಪ್ಪಟೆಯಾದ ಎಂಟು ಪಿನ್ನಿನ ಬಗೆಯೂ ಇದೆ, ಅದರ ಸಂದಿಗೆ ಮಿನಿ ಕೇಬಲ್ ತುರುಕಬೇಡಿ. ಚಾರ್ಜಿಗೆಂದೇ ಮಾಡಿದ ಕೇಬಲ್‌ಗಳಲ್ಲಿ ಡೇಟಾ ತಂತಿಯೇ ಇರುವುದಿಲ್ಲ. ಕ್ಯಾಮೆರಾವನ್ನು ಫೋಟೋ ನೋಡುವ ಮೋಡಿನಲ್ಲಿ ಆನ್ ಮಾಡಿ, ತಾನಾಗಿ ಆಫ್ ಆಗುವ ಸಮಯವನ್ನು ಮೆನುವಿನಲ್ಲಿ ಹೆಚ್ಚಿಸಿ, ಆಮೇಲೆ ಜೋಡಿಸಿ.

ಮೆನುವಿನ ಸೆಟಪ್‌ನಲ್ಲಿ ಯುಎಸ್‌ಬಿ ಎಂಬ ಸಾಲು ಇದ್ದರೆ ಅಲ್ಲಿ "ಮಾಸ್ ಸ್ಟೋರೇಜ್", "ಪಿಟಿಪಿ" ಎಂಬ ಆಯ್ಕೆಗಳಿರುತ್ತವೆ. ಮಾಸ್ ಸ್ಟೋರೇಜ್ ಆದರೆ ಕ್ಯಾಮೆರಾ ಪೆನ್ ಡ್ರೈವಿನಂತೆ ಡ್ರೈವ್ ಆಗಿ ಕಾಣುತ್ತದೆ. ಪಿಟಿಪಿ ಆದರೆ ವಿಂಡೋಸ್‌ನಲ್ಲಿ "ದಿಸ್ ಪಿಸಿ" ಕೆಳಗೆ ಕ್ಯಾಮೆರಾದ ಚಿತ್ರವಾಗಿ ಬರುತ್ತದೆ, ಮ್ಯಾಕಿನ ಫೈಂಡರಿನಲ್ಲಿ ಮಾತ್ರ ಎಲ್ಲೂ ಕಾಣುವುದಿಲ್ಲ. ಮ್ಯಾಕ್ ಬಳಸುವವರು "ಕ್ಯಾಮೆರಾ ಹಿಡಿಯುತ್ತಿಲ್ಲ" ಎಂದು ಕೈಬಿಡುವುದು ಬಹುಪಾಲು ಈ ಹಂತದಲ್ಲೇ. ಮ್ಯಾಕಿನಲ್ಲೇ ಇರುವ ಇಮೇಜ್ ಕ್ಯಾಪ್ಚರ್ ತೆರೆಯಿರಿ, ಅಲ್ಲಿ ಇರುತ್ತದೆ. ಒಂದು ಮೋಡಿನಲ್ಲಿ ಬಾರದಿದ್ದರೆ ಕೇಬಲ್ ಕಿತ್ತು, ಇನ್ನೊಂದಕ್ಕೆ ಬದಲಿಸಿ ನೋಡಿ.

ಇವೆರಡೂ ಇಲ್ಲದ, ತನ್ನದೇ ಭಾಷೆ ಮಾತಾಡುವ ಬಹಳ ಹಳೆ ಕ್ಯಾಮೆರಾಗಳಿಗೆ ವಿಂಡೋಸ್ ಬದಲಿಗೆ ಓಡಿಸಬಹುದಾದ ಉಚಿತ ಆಪರೇಟಿಂಗ್ ಸಿಸ್ಟಮ್ ಲಿನಕ್ಸ್ ಒಳ್ಳೆ ಗೆಳೆಯ. ಅದರ ಜಿಫೋಟೋ ತಂತ್ರಾಂಶಕ್ಕೆ ತಯಾರಕರೇ ಕೈಬಿಟ್ಟ ಎಷ್ಟೋ ಮಾದರಿಗಳ ಪರಿಚಯವಿದೆ. ಪೆನ್ ಡ್ರೈವಿನಿಂದಲೇ ಲಿನಕ್ಸ್ ಓಡಿಸಬಹುದಾದ್ದರಿಂದ ಕಂಪ್ಯೂಟರಿನಲ್ಲಿ ಏನನ್ನೂ ಬದಲಿಸಬೇಕಿಲ್ಲ.

ನಿಧಾನವಾದರೆ ತಾಳ್ಮೆಯಿರಲಿ. ಯುಎಸ್‌ಬಿ 1.1 ಕಾಲದ ಕ್ಯಾಮೆರಾದ ವೇಗ ಹೆಚ್ಚೆಂದರೆ ಸೆಕೆಂಡಿಗೆ 12 ಮೆಗಾಬಿಟ್. 512 ಎಂಬಿ ಇಳಿಯಲು ಹತ್ತು ನಿಮಿಷವೇ ಹಿಡಿದೀತು. ಅದು ನಿಂತುಹೋಗಿದೆ ಎಂದುಕೊಂಡು ಮಧ್ಯದಲ್ಲಿ ಕೇಬಲ್ ಕೀಳಬೇಡಿ.

ಒಳಗೆ ಉಳಿದಿರುವ ಫೋಟೋಗಳು

ಕಾರ್ಡ್ ಖಾಲಿಯಾಯಿತೆಂದು ಕ್ಯಾಮೆರಾವನ್ನು ಎಸೆಯುವ ಮುನ್ನ ಇನ್ನೊಂದು ಪರೀಕ್ಷೆ ಬಾಕಿ ಇದೆ. ಎಷ್ಟೋ ಚಿಕ್ಕ ಕ್ಯಾಮೆರಾಗಳಲ್ಲಿ 8, 16, 32 ಎಂಬಿಯಷ್ಟು ಒಳ ಮೆಮೊರಿ ಇರುತ್ತದೆ. ಕಾರ್ಡ್ ಹಾಕಿರುವಷ್ಟು ಹೊತ್ತು ಅದು ಕಣ್ಣಿಗೇ ಬೀಳುವುದಿಲ್ಲ. ಕಾರ್ಡ್ ಹಾಕುವುದನ್ನು ಮರೆತು ತೆಗೆದ ಹತ್ತಾರು ಫೋಟೋಗಳು ಅಲ್ಲಿ ವರ್ಷಗಟ್ಟಲೆ ಹಾಗೇ ಇರಬಹುದು. ಕಾರ್ಡ್ ತೆಗೆದು, ಬ್ಯಾಟರಿ ಹಾಕಿ, ಫೋಟೋ ನೋಡುವ ಗುಂಡಿ ಒತ್ತಿ. ಏನಾದರೂ ಕಂಡರೆ ಕೇಬಲ್ಲಿನಿಂದ ಇಳಿಸಿಕೊಳ್ಳಿ. ಕೇಬಲ್ ಇಲ್ಲದಿದ್ದರೆ ಒಂದು ಖಾಲಿ ಕಾರ್ಡ್ ಹಾಕಿ, ಮೆನುವಿನಲ್ಲಿ ಒಳ ಮೆಮೊರಿಯಿಂದ ಕಾರ್ಡಿಗೆ ಕಾಪಿ ಮಾಡುವ ಆಯ್ಕೆ ಇದೆಯೇ ಹುಡುಕಿ. ಹಲವು ಮಾದರಿಗಳಲ್ಲಿ ಇದೆ.

ತಾರೀಖಿನ ಗೊಂದಲ

ಕಾಪಿ ಮಾಡಿದ ಮೇಲೆ ವಿಂಡೋಸ್ "ಕ್ರಿಯೇಟೆಡ್" ಎಂದು ಇವತ್ತಿನ ತಾರೀಖು ತೋರಿಸುತ್ತದೆ. ಅದು ಈ ಪ್ರತಿ ಹುಟ್ಟಿದ ದಿನ, ಅಷ್ಟೇ. ಫೋಟೋ ತೆಗೆದ ದಿನ ಎಕ್ಸಿಫ್ ಎಂಬ ಮಾಹಿತಿಯಾಗಿ ಫೈಲಿನ ಒಳಗಿದೆ. ಎಕ್ಸ್‌ಪ್ಲೋರರಿನಲ್ಲಿ "ಡೇಟ್ ಟೇಕನ್" ಕಾಲಮ್ ತೆರೆದು ಅದರ ಪ್ರಕಾರ ಜೋಡಿಸಿ.

ಕ್ಯಾಮೆರಾದ ಗಡಿಯಾರವೇ ತಪ್ಪಿದ್ದರೆ? ಬ್ಯಾಟರಿ ತೆಗೆದು ಬಹಳ ದಿನವಾದಾಗ ಗಡಿಯಾರ ಮೊದಲಿಗೆ ಮರಳಿ, ಆಮೇಲಿನ ಫೋಟೋಗಳೆಲ್ಲ ಯಾವುದೋ ವರ್ಷದ ಜನವರಿ 1ರಿಂದ ಶುರುವಾಗುತ್ತವೆ. ಇದನ್ನು ಸರಿಪಡಿಸಬಹುದು. ಆ ಗುಂಪಿನಲ್ಲಿ ನಿಜವಾದ ದಿನ ಖಚಿತವಾಗಿ ಗೊತ್ತಿರುವ ಒಂದು ಫೋಟೋ ಹುಡುಕಿ: ಮದುವೆ, ಹುಟ್ಟುಹಬ್ಬ, ಹಿಂದೆ ಗೋಡೆ ಗಡಿಯಾರ ಕಾಣುವ ಚಿತ್ರ, ಯಾವುದಾದರೂ. ಅದರ ನಿಜ ಸಮಯಕ್ಕೂ ಕ್ಯಾಮೆರಾ ಬರೆದ ಸಮಯಕ್ಕೂ ಎಷ್ಟು ಅಂತರವಿದೆಯೋ ಅಷ್ಟನ್ನೇ ಗುಂಪಿನ ಎಲ್ಲ ಫೋಟೋಗಳಿಗೂ ಕೂಡಿಸಬೇಕು. ಡಿಜಿಕ್ಯಾಮ್, ಎಕ್ಸಿಫ್‌ಟೂಲ್ ಎರಡೂ ಉಚಿತ ತಂತ್ರಾಂಶಗಳು, ಇಡೀ ಗುಂಪನ್ನು ಒಂದೇ ಸಲಕ್ಕೆ ಸರಿಸುತ್ತವೆ. ಮ್ಯಾಕಿನ ಫೋಟೋಸ್‌ನಲ್ಲೂ ಈ ಸೌಲಭ್ಯವಿದೆ. ಇದನ್ನು ಮಾಡುವುದು ಕಂಪ್ಯೂಟರಿನ ಇನ್ನೊಂದು ಪ್ರತಿಯ ಮೇಲೆ, ಮೊದಲ ಪ್ರತಿ ಇದ್ದ ಹಾಗೇ ಇರಲಿ.

ವಿಡಿಯೋ ಮತ್ತು ರಾ ಫೈಲುಗಳು

ಆ ಕಾಲದ ವಿಡಿಯೋಗಳು ಬಹುಪಾಲು ಮೋಷನ್ ಜೆಪೆಗ್ ಬಗೆಯ ಎವಿಐ ಅಥವಾ ಎಂಒವಿ ಫೈಲುಗಳು. ಕಂಪ್ಯೂಟರಿನ ಸ್ವಂತ ಪ್ಲೇಯರ್ ಮುಖ ತಿರುಗಿಸಿದರೂ ವಿಎಲ್‌ಸಿ ಓಡಿಸುತ್ತದೆ. ವಿಡಿಯೋದ್ದೇ ಹೆಸರಿನ ಟಿಎಚ್‌ಎಂ ಫೈಲ್ ಪಕ್ಕದಲ್ಲಿದ್ದರೆ ಕಸವೆಂದು ಅಳಿಸಬೇಡಿ, ಅದು ವಿಡಿಯೋದ ಪುಟ್ಟ ಚಿತ್ರ, ತೆಗೆದ ಸಮಯವೂ ಕೆಲವೊಮ್ಮೆ ಅದರಲ್ಲೇ ಇರುತ್ತದೆ. ಎವಿಸಿಎಚ್‌ಡಿ ಎಂಬ ಬಗೆಯ ವಿಡಿಯೋಗಳು ಡಿಸಿಐಎಂನಲ್ಲಿ ಇರುವುದೇ ಇಲ್ಲ, ಪ್ರೈವೇಟ್ ಎಂಬ ಫೋಲ್ಡರಿನ ಆಳದಲ್ಲಿ ಇರುತ್ತವೆ. ಕಾರ್ಡಿನಲ್ಲಿರುವುದೆಲ್ಲವನ್ನೂ ಕಾಪಿ ಮಾಡಿ ಎಂದದ್ದು ಇದಕ್ಕೇ.

ಹಳೆ ಎಸ್‌ಎಲ್‌ಆರ್ ಕ್ಯಾಮೆರಾದ ರಾ ಫೈಲುಗಳನ್ನು (ಜೆಪೆಗ್ ಆಗುವ ಮುಂಚಿನ ಕಚ್ಚಾ ಚಿತ್ರಗಳು) ಕಂಪ್ಯೂಟರ್ ತೋರಿಸದಿದ್ದರೆ ಡಾರ್ಕ್‌ಟೇಬಲ್ ಅಥವಾ ರಾಥೆರಪಿ ಎಂಬ ತಂತ್ರಾಂಶದಲ್ಲಿ ತೆರೆಯಿರಿ. ಜೆಪೆಗ್ ಮಾಡಿಕೊಂಡ ಮೇಲೂ ಮೂಲ ಫೈಲ್ ಇಟ್ಟುಕೊಳ್ಳಿ.

ಎರಡನೇ ಪ್ರತಿ, ಆಮೇಲೆ ಕಾರ್ಡ್

ಹೊರಗಿನ ಹಾರ್ಡ್ ಡಿಸ್ಕಿಗೆ ಇನ್ನೊಂದು ಪ್ರತಿ ಹಾಕಿ. ಕ್ಲೌಡಿಗೂ ಏರಿಸುವುದಾದರೆ "ಒರಿಜಿನಲ್ ಕ್ವಾಲಿಟಿ" ಆರಿಸಿ. ವಾಟ್ಸಾಪಿನಲ್ಲಿ ನಿಮಗೆ ನೀವೇ ಕಳಿಸಿಕೊಂಡದ್ದು ಬ್ಯಾಕಪ್ ಅಲ್ಲ; ಸಾಮಾನ್ಯ ಫೋಟೋವಾಗಿ ಕಳಿಸಿದರೆ ಅದು ಗಾತ್ರವನ್ನೂ ಕುಗ್ಗಿಸುತ್ತದೆ, ತೆಗೆದ ದಿನದ ಮಾಹಿತಿಯನ್ನೂ ಕಿತ್ತುಹಾಕುತ್ತದೆ.

ಕ್ಯಾಮೆರಾವನ್ನು ಮತ್ತೆ ಬಳಸುವ ಮನಸ್ಸಿದ್ದರೆ ಆ ಹಳೆ ಕಾರ್ಡನ್ನು ಎಸೆಯಬೇಡಿ. 2 ಜಿಬಿ ಮತ್ತು ಅದಕ್ಕಿಂತ ಚಿಕ್ಕ ಕಾರ್ಡುಗಳು ಈಗ ಸುಲಭಕ್ಕೆ ಸಿಗುವುದಿಲ್ಲ, ದೊಡ್ಡ ಕಾರ್ಡನ್ನು ಆ ಕ್ಯಾಮೆರಾ ಗುರುತಿಸುವುದಿಲ್ಲ. ಎರಡೂ ಪ್ರತಿಗಳನ್ನು ತೆರೆದು ನೋಡಿದ ಮೇಲೆ ಬೀಗದ ಗುಬುಟನ್ನು ಹಿಂದಕ್ಕೆ ಸರಿಸಿ, ಕಾರ್ಡನ್ನು ಕ್ಯಾಮೆರಾಗೆ ಹಾಕಿ, ಕ್ಯಾಮೆರಾದ ಮೆನುವಿನಿಂದಲೇ ಫಾರ್ಮ್ಯಾಟ್ ಮಾಡಿ. ಕಂಪ್ಯೂಟರಿನಲ್ಲಿ ಫಾರ್ಮ್ಯಾಟ್ ಮಾಡಿದರೆ ಆ ಹಳೆ ಕ್ಯಾಮೆರಾಗೆ ಅರ್ಥವಾಗದ ಬಗೆಯಲ್ಲಿ ಆಗಿಬಿಡಬಹುದು, ಆಗ ಅದು "ಕಾರ್ಡ್ ಎರರ್" ಎಂದು ಕೂರುತ್ತದೆ.